ಇಂಟು ಗುರುತು

ನಾಜಿ ಪಕ್ಷದ ಕಥೆ ಹೇಳುವುದೆಂದರೆ ಸಿದ್ದಲಿಂಗಪ್ಪನವರಿಗೆ ಎಲ್ಲಿಲ್ಲದ ಹುರುಪು. ಹೆಂಡದಂಗಡಿಯಲ್ಲಿ ಕೂತು ಕೂಗಾಡುತ್ತಿದ್ದ ನಾಲ್ಕು ಮಂದಿ ಇಡೀ ಜರ್ಮನಿಯನ್ನು ಹೇಗೆ ಮುಷ್ಟಿಗೆ ತಂದುಕೊಂಡರು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ, ಶಿಸ್ತು ಅಂದರೆ ಅದು ಎಂದು ಮುಗಿಸುತ್ತಿದ್ದರು. ಆ ಪಕ್ಷದ ಕೊನೆ ಹೇಗಾಯಿತೆಂದು ಯಾರೂ ಕೇಳಲಿಲ್ಲ, ಇವರೂ ತಿಳಿದುಕೊಳ್ಳುವ ಗೊಡವೆಗೆ ಹೋಗಲಿಲ್ಲ.

ರಬಕವಿಯಿಂದ ಬಂದು ಪುಣೆಯಲ್ಲಿ ಸೀರೆ ವ್ಯಾಪಾರ ಮಾಡುತ್ತಲೇ ಮುದುಕರಾದ ಈ ಮಹಾಶಯರು ಈಗ ಕೊಂಢವಾ ಬಡಾವಣೆಯ ತಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಸೆಕ್ರೆಟರಿ. ಮಗಳು ರೇಣುವನ್ನು ಬಿಟ್ಟರೆ ಆ ಕಟ್ಟಡದಲ್ಲಿ ಅವರಿಗೆ ಕನ್ನಡ ಮಾತಾಡಲು ಸಿಗುತ್ತಿದ್ದವರು ಎದುರು ಮನೆಯ ಜೈಬುನ್ನಿಸಾ ಒಬ್ಬರೇ. ವಿಜಯಪುರದವರು, ಹೊಲಿಗೆ ಕಲಿಸುವವರು. ದಿನ ಬೆಳಗಾದರೆ "ಚಾ ಆತೇನ್ರಿ ಅಣ್ಣಾರ?" ಎಂದು ಅವರು ಕೇಳದಿದ್ದರೆ ಸಿದ್ದಲಿಂಗಪ್ಪನವರಿಗೆ ಕುಡಿದ ಚಹಾ ರುಚಿಸುತ್ತಿರಲಿಲ್ಲ.

ಹೋದ ವರ್ಷ ಗಣಪತಿ ಹಬ್ಬಕ್ಕೆ ವರ್ಗಣಿ, ಅಂದರೆ ಚಂದಾ, ಕೇಳಲು ಬಂದ ಉತ್ಸವ ಮಂಡಳದವರು ಜೈಬುನ್ನಿಸಾರ ಬಾಗಿಲಲ್ಲಿ ನಿಂತು ದನಿ ಏರಿಸಿದ್ದರು. ಈ ಸಲ ಹಾಗಾಗಬಾರದೆಂದು ಸಿದ್ದಲಿಂಗಪ್ಪನವರು ತಲೆ ಓಡಿಸಿದರು. ಅಂಗಡಿಯಲ್ಲಿ ಯಾರೂ ಮುಟ್ಟಬಾರದ ಗಂಟಿನ ಮೇಲೆ ಅವರು ಸೀಮೆಸುಣ್ಣದಲ್ಲಿ ಇಂಟು ಎಳೆಯುತ್ತಿದ್ದರು. ಅದೇ ಸೀಮೆಸುಣ್ಣ ಹಿಡಿದು ಮುಸಲ್ಮಾನರ ಮನೆಗಳ ಬಾಗಿಲಿಗೆಲ್ಲ ಇಂಟು ಎಳೆದು, ಈ ಮನೆಗಳಿಗೆ ಹೋಗಬೇಡಿ ಎಂದು ಮಂಡಳದ ಪ್ರಲ್ಹಾದನಿಗೆ ತಾಕೀತು ಮಾಡಿದರು. ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದರು ಕೂಡ.

ರೇಣು ಜರ್ಮನ್ ಭಾಷೆ ಕಲಿಸುವವಳು. ಸಂಜೆ ಕ್ಲಾಸು ಮುಗಿಸಿ ಬಂದವಳು ಎದುರು ಬಾಗಿಲು ನೋಡಿ ಚಪ್ಪಲಿ ಬಿಡುವುದನ್ನೂ ಮರೆತಳು.

"ಅಪ್ಪಾ, ಇದನ್ನ ಯಾರ್ ಹಾಕ್ಯಾರ?"

"ನಾನ ಹಾಕೀನಿ. ಪಾಪ, ಅವರಿಗೆ ತ್ರಾಸ ಆಗಬಾರದಂತ."

ಅವಳು ಫೋನಿನಲ್ಲಿ ಒಂದು ಹಳೆಯ ಫೋಟೊ ತೆಗೆದು ಮುಂದೆ ಹಿಡಿದಳು. ಯಹೂದಿಯರ ಅಂಗಡಿ, ಗಾಜಿನ ಮೇಲೆ ಬಳಿದ ಗುರುತು, ಮುಂದೆ ಸಮವಸ್ತ್ರದವರ ಕಾವಲು.

"ನಿಮ್ಮ ಶಿಸ್ತಿನ ಪಕ್ಷ ಅಪ್ಪಾ ಇದು. ಮೊದಲು ಗುರ್ತು ಹಾಕಿದ್ರು. ಆಮ್ಯಾಲೆ ಆ ಮಂದೀನ್ನ ಮನಿಯಿಂದ ಎಳಕೊಂಡು ಹೋದ್ರು, ಲಕ್ಷಗಟ್ಟಲೆ ಕೊಂದ್ರು. ಕಡೀಕ ಊರಿಗೆ ಊರ ಸುಟ್ಟು ಬೂದಿ ಆದವು, ಪಕ್ಷಾನೂ ಮಣ್ಣಾತು. ಇಷ್ಟ ವರ್ಷ ಕಥಿ ಹೇಳ್ತೀರಿ, ಇದನ್ನ್ಯಾಕ ಬಿಡ್ತೀರಿ?"

ಸಿದ್ದಲಿಂಗಪ್ಪನವರು ಫೋಟೊ ನೋಡಿದರು, ಬಾಗಿಲು ನೋಡಿದರು. ತಾನೇ ಎಳೆದ ಗೆರೆ ನೋಡಲು ಹೆದರಿಕೆಯಾಯಿತು. ಒದ್ದೆ ಅರಿವೆ ಹಿಡಿದು ಒಂದೊಂದೇ ಬಾಗಿಲು ಒರೆಸುತ್ತ ಬಂದರು. ಕೊನೆಯದನ್ನು ಒರೆಸುವಾಗ ಜೈಬುನ್ನಿಸಾ ಬಾಗಿಲು ತೆಗೆದರು.

"ಏನ್ ಒರಸಾಕತ್ತೀರಿ ಅಣ್ಣಾರ?"

"ಏನಿಲ್ರಿ. ಧೂಳ ಕುಂತಿತ್ತು."

ಹೇಗೂ ಒರೆಸಿಯಾಯಿತಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದರು. ಎದುರು ಬಾಗಿಲ ಮೇಲೆ ಇಂಟು ಮತ್ತೆ ಬಂದಿತ್ತು, ಈ ಸಲ ಕೆಂಪು ಆಯಿಲ್ ಪೇಂಟಿನಲ್ಲಿ. ಮೆಟ್ಟಿಲ ಮೇಲೆ ಸಿಕ್ಕ ಪ್ರಲ್ಹಾದ ನಗುತ್ತ, "ಕಾಕಾ, ಖಡೂ ಪುಸಲಾ ಜಾತೋ. ಆತಾ ಪಕ್ಕಂ ಕೇಲಂ" ಎಂದ. ಸೀಮೆಸುಣ್ಣ ಅಳಿಸಿಹೋಗುತ್ತದಂತೆ, ಅದಕ್ಕೇ ಖಾಯಂ ಮಾಡಿದನಂತೆ. ಕೆಳಗಿನ ಮಹಡಿಯ ಕ್ರಿಶ್ಚಿಯನ್ ನರ್ಸಿನ ಬಾಗಿಲನ್ನೂ ಅವನು ಬಿಟ್ಟಿರಲಿಲ್ಲ. ಅಲ್ಲಿ ಸಿದ್ದಲಿಂಗಪ್ಪನವರು ಸೀಮೆಸುಣ್ಣ ಮುಟ್ಟಿಸಿಯೇ ಇರಲಿಲ್ಲ.

ಸಿದ್ದಲಿಂಗಪ್ಪನವರು ಅವನನ್ನು ಬಾಯಿಗೆ ಬಂದಂತೆ ಬೈದರು. ಅವನು ನಗುತ್ತಲೇ ಇಳಿದುಹೋದ. ಇವರು ಸೀಮೆಎಣ್ಣೆ ತಂದು ಎದುರು ಮನೆಯ ಬಾಗಿಲು ತಿಕ್ಕತೊಡಗಿದರು. ಕೈ ಕೆಂಪಾಯಿತೇ ಹೊರತು ಗುರುತು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ಜೈಬುನ್ನಿಸಾ ಗುರುತನ್ನು ನೋಡಿದರು, ಸಿದ್ದಲಿಂಗಪ್ಪನವರ ಕೆಂಪು ಕೈ ನೋಡಿದರು. ಚಹಾ ಆಯಿತೇ ಎಂದು ಕೇಳಲಿಲ್ಲ.

"ಭಾಯಿಸಾಬ್, ಧೂಲ್ ಫಿರ್ ಆ ಗಯೀ ಕ್ಯಾ?"

ಧೂಳು ಮತ್ತೆ ಬಂತೇ ಎಂದು ಅವರು ಕೇಳಿದ್ದು ಹಿಂದಿಯಲ್ಲಿ. ಇಷ್ಟು ವರ್ಷಗಳಲ್ಲಿ ಅದೇ ಮೊದಲು.