ಹದಿನೆಂಟಕ್ಕೆ ನಿಲ್ಲುವ ಕೈ

ಕ್ರೂಡಾಯಿಲ್ ವಾಸನೆ, ಬಿಸಿ ಕಬ್ಬಿಣದ ಜೊತೆ ಬೆರೆತದ್ದು, ತವರೂರು ಕೊಂಕಲ್ಲಿನ ಬಾವಿಯ ಹತ್ತಿರ ಅಪ್ಪ ಇಂಜಿನ್ನಿನ ನಟ್ಟು ಬಿಗಿಯುವಾಗ ಅವನ ಧೋತರದಿಂದ ಬರುತ್ತಿದ್ದದ್ದು, ಯಾದಗಿರಿಯ ಈ ಹತಾರಗಳ ಅಂಗಡಿಗೆ ಅದು ಹೇಗೆ ಬಂತೋ, ದೇವಕಮ್ಮ ಸ್ಟೂಲಿನ ಮೇಲೆ ಕುಳಿತಲ್ಲೇ ಇನ್ನೊಮ್ಮೆ ಉಸಿರೆಳೆದುಕೊಂಡಳು — ಎಂಟು ವರ್ಷದವಳು ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಸಾಕು ಅನ್ನೋದು ಹೆಂಗ ಗೊತ್ತಾಗ್ತದಪ್ಪಾ, ಕೈಗೆ ಗೊತ್ತಾಗ್ತದವ್ವಾ — ಅಪ್ಪನ ಕೈಗೆ ಗೊತ್ತಾಗುತ್ತಿತ್ತು ನಿಜ, ಮಲ್ಲುವಿನ ಕೈಗೆ ಗೊತ್ತಾಗಲಿಲ್ಲ, ಅದಕ್ಕೇ ತಾನೇ ಸುರಪುರದಿಂದ ಬೆಳಗಿನ ಬಸ್ಸಿಗೆ ಮೂವರೂ, ತಾನು, ಶಿಷ್ಯೆ ಗುಲಫಶಾ, ಅವಳ ಕೈಕೆಳಗೆ ಕೆಲಸ ಮಾಡುವ ಮಲ್ಲು, ಇಲ್ಲಿಗೆ ಬಂದದ್ದು, ಅಂಗಡಿಯ ಸರದಾರಸಾಬ ತನ್ನ ಹೆಗಲ ವಸ್ತ್ರದಿಂದಲೇ ಸ್ಟೂಲು ಒರೆಸಿ ಫ್ಯಾನನ್ನು ಇತ್ತ ತಿರುಗಿಸಿ ಈಗ ತಾನು ಬೆವರುತ್ತಿದ್ದಾನೆ, ಯಾರೂ ಹೇಳಿರಲಿಲ್ಲ ಅವನಿಗೆ. ಈ ದೊಡ್ಡ ಪಾನಾ ಹಿಡಿದು ನೋಡು ಬೇಟಿ, ನಲವತ್ತರಿಂದ ಎರಡನೂರ ತನಕ, ಲಾರಿ ಗಾಲಿಗೂ ನಡೀತದ. ನಾ ಲಾರಿ ಗಾಲಿ ಬಿಚ್ಚಾಕ ಹೊಂಟಿಲ್ಲ ಚಾಚಾ. ಅವರಿಬ್ಬರೇ ಇದ್ದರೆ ಉರ್ದುವಿನಲ್ಲಿ ಮಾತಾಡುವವರು, ತಾನು ಕೂತಿದ್ದೇನೆಂದು ಕನ್ನಡದಲ್ಲೇ ಜಗಳವಾಡುತ್ತಿದ್ದಾರೆ, ಅದೂ ಒಂದು ಮರ್ಯಾದೆ — ಗುಲಫಶಾ, ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚು, ಎರಡು ಜಡೆ, ಇವತ್ತು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, ಶಹಾಪುರದಾಚೆಯ ಹತ್ತಿ ಮಿಲ್ಲಿನ ಪ್ಯಾನಲ್ಲು ಅವಳ ಮೊದಲ ದೊಡ್ಡ ಕೆಲಸ, ಹೋದ ವಾರ ಅದರ ವೈರು ಕಾದು ಕರಗಿತು, ಸುತ್ತ ಹತ್ತಿಯ ರಾಶಿ, ಕಿಡಿ ಹಾರದ್ದೇ ಪುಣ್ಯ, ನಾಳೆ ಬಂದು ಎಲ್ಲಾ ಸರಿ ಮಾಡು, ಇನ್ನೊಮ್ಮೆ ಕಾದ್ರ ಬ್ಯಾರೇದವ್ರನ್ನ ಕರೀತೀನಿ ಅಂದಿದ್ದಾನೆ ಮಾಲೀಕ. ಬಿಗಿದವನು ಮಲ್ಲು, ಆದರೆ ನಾನ ಬಿಗಿದಿದ್ದು ಅಂತ ಗುಲಫಶಾ ತನ್ನ ಮೇಲೆ ಹಾಕಿಕೊಂಡಳು, ಅದನ್ನು ಅವಳು ಹೇಳಲಿಲ್ಲ, ಬಸ್ಸಿನಲ್ಲಿ ಮಲ್ಲುವೇ ಕಿಟಕಿಯ ಕಡೆ ನೋಡುತ್ತ ಹೇಳಿದ, ನಲವತ್ತು ದಾಟಿದ ಗಂಡಸು. ಅವನದು ಉಸ್ತಾದರಿಂದ ಬಂದ ಪದ್ಧತಿ, ಬೋಲ್ಟು ಬಿಗಿಯಾಯಿತೋ, ಮೇಲೆ ಇನ್ನೊಂದು ಜಗ್ಗು, ಅದಕ್ಕೆ ದೇವರ ಪಾಲು ಅನ್ನುತ್ತಾರೆ, ಆ ಪಾಲಿಗೇ ಅಲ್ಯುಮಿನಿಯಂ ವೈರು ಹಿಸುಕಿಹೋಗಿ, ಕಾದು ಆರಿ ಕಾದು ಆರಿ ಸಡಿಲಾದದ್ದು. ನಿನ್ನೆ ಗುಲಫಶಾ ಮನೆಗೇ ಬಂದಳು, ಅಕ್ಕೋರ, ಪ್ಯಾನಲ್ಲಿನ ಮ್ಯಾಲ ಹದಿನೆಂಟು ನ್ಯೂಟನ್ ಮೀಟರಿಗೆ ಬಿಗೀರಿ ಅಂತ ಬರದಾರ, ನ್ಯೂಟನ್ ಮೀಟರ್ ಕಲಿಸಿದವ್ರು ನೀವು, ಪಾನಾ ಆರಿಸಾಕ ಬರ್ರಿ — ಕಲಿಸಿದ್ದು ಹೌದು, ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿಸಿ, ಅಂಚಿನಲ್ಲಿ ತಳ್ಳಿಸಿ, ಎಲ್ಲಿ ಹಗುರ ಹೇಳ್ರೆವ್ವಾ ಅಂತ, ಆಗ ಇದೇ ಹುಡುಗಿ ಎದ್ದು ನಿಂತು ಇದು ಎಲ್ಲಿ ಬೇಕಾಗ್ತದ್ರಿ ಅಕ್ಕೋರ ಅಂದಾಗ, ಪರೀಕ್ಷೆಯಾಗ ಅಂದುಬಿಟ್ಟಿದ್ದೆನಲ್ಲ, ಎಷ್ಟು ಬಡ ಉತ್ತರ. ಅಂಕಿ ತಿರುಗಿಸಿ ಇಟ್ಟರೆ ಅಷ್ಟಕ್ಕೆ ಸರಿಯಾಗಿ ಟಕ್ ಅನ್ನುವ ಪಾನಾ ಒಂದಿದೆ ಎಂದು ಆಗ ತನಗೆಲ್ಲಿ ಗೊತ್ತಿತ್ತು, ಇವತ್ತೇ ಮೊದಲು ಕಾಣುವುದು.

ದೊಡ್ಡ ಪಾನಾ ಹೊಳೆಯುತ್ತಿದೆ, ಮಲ್ಲುವಿಗೆ ಅದೇ ಬೇಕು, ಇದನ್ನ ಹಿಡಕೊಂಡು ಹ್ವಾದ್ರ ಮಾಲಕ ಎದ್ದು ಕುಂದರತಾನ, ಹಿಡಿಕಿಗೆ ರಬ್ಬರೂ ಅದ, ಕರೆಂಟ್ ಹೊಡೆಯಂಗಿಲ್ಲ. ಅದು ಕೈ ಜಾರಬಾರದಂತ ಹಾಕಿದ ರಬ್ಬರು ಮಲ್ಲಣ್ಣ, ಕರೆಂಟಿಗಲ್ಲ, ಮೇನ್ ಬಂದ್ ಮಾಡೇ ಕೈ ಹಚ್ಚೂದು. ಆದರೂ ಅವಳೂ ದೊಡ್ಡದನ್ನೇ ತೂಗಿ ನೋಡುತ್ತಿದ್ದಾಳೆ, ಕಣ್ಣು ಮಾಲೀಕನ ಕಡೆಗೇ ಹೋಗುತ್ತಿದೆಯೇನೋ — ನಲವತ್ತರಿಂದ ಶುರುವಾಗುವುದರಲ್ಲಿ ಹದಿನೆಂಟು ಎಲ್ಲಿದೆಯವ್ವಾ, ದೇವಕಮ್ಮನ ನಾಲಿಗೆಯ ತುದಿಗೆ ಬಂತು, ಮೂವತ್ತು ವರ್ಷ ಹಲಗೆಯ ಮುಂದೆ ನಿಂತ ನಾಲಿಗೆ, ಬೇಡ, ನುಂಗಿಕೋ, ನಾಳೆ ಮಿಲ್ಲಿನಲ್ಲಿ ನೀನಿರುವುದಿಲ್ಲ, ತೀರ್ಮಾನ ಅವಳೊಬ್ಬಳದೇ. ಫ್ಯಾನು ತಿರುಗಿತು. ಗುಲಫಶಾಳ ಹೆಬ್ಬೆರಳು ಹಿಡಿಯ ಅಂಕಿಗಳ ಮೇಲೆ ಕೆಳಗೆ ಇಳಿಯಿತು, ಕೊನೆಗೆ ಬಂದು ನಿಂತಿತು. ಇದರಾಗ ನನ್ನ ಅಂಕಿನೇ ಇಲ್ಲ ಚಾಚಾ, ಆ ಸಣ್ಣದು ತಗೀರಿ, ಐದರಿಂದ ಇಪ್ಪತ್ತೈದರದು. ಸರದಾರಸಾಬ ನಕ್ಕ, ಅಕ್ಕೋರ ಏನೂ ಕಲಿಸಿಲ್ಲಂತ ತಿಳದಿದ್ದೆ. ಅಬ್ಬಾ, ಅಂದುಕೊಂಡಳು ದೇವಕಮ್ಮ, ಎಷ್ಟು ಹಿತ, ಹೇಳದೆ ಇರುವುದು.

ಮೇಜಿಗೆ ಬಿಗಿದ ವೈಸಿನ ದವಡೆಯಲ್ಲಿ ಹಳೆಯ ಟರ್ಮಿನಲ್ ಒಂದನ್ನು ಹಿಡಿಸಿ, ವೈರಿನ ತುಂಡು ತೂರಿಸಿ, ಹದಿನೆಂಟಕ್ಕೆ ತಿರುಗಿಸಿ ಮಲ್ಲುವಿನ ಕೈಗೇ ಕೊಟ್ಟಳು ಗುಲಫಶಾ, ಅವನ ಕೈಗೇ, ಅದನ್ನೂ ದೇವಕಮ್ಮ ಕಂಡಳು. ಟಕ್. ಮಲ್ಲು ಮತ್ತೊಂದು ಜಗ್ಗಿದ. ಅದು ಯಾರ ಪಾಲು, ಗುಲಫಶಾ ಕೇಳಿದಳು. ದೇವರದು. ದೇವರು ಹದಿನೆಂಟಕ್ಕ ಉಂಡು ಎದ್ದಾನ, ಕೈ ತಗಿ ಮಲ್ಲಣ್ಣ. ಸರದಾರಸಾಬ ಕೆಮ್ಮುವಷ್ಟು ನಕ್ಕ, ಮಲ್ಲುವೂ ನಕ್ಕ, ಹೊಸ ವೈರು, ಮತ್ತೆ ಟಕ್, ತೋಳಿನ ನರ ಉಬ್ಬಿತು, ಇಪ್ಪತ್ತು ವರ್ಷದ ರೂಢಿ ಮೊಣಕೈಯವರೆಗೆ ಬಂತು — ನಿಂತಿತು. ನಿಂತ ಕೈಯನ್ನು ಮಲ್ಲು ತಾನೇ ನೋಡುತ್ತಿದ್ದ, ಬೇರೆ ಯಾರದೋ ಎಂಬಂತೆ, ನಾಳೆ ಆ ಕೈ ಹೀಗೇ ನಿಂತರೆ ಸಾಕು, ನಿಲ್ಲುತ್ತದೆ, ನಿಲ್ಲುವ ಕೈ ಅದು, ಅಪ್ಪನದೂ ಹೀಗೇ ನಿಲ್ಲುತ್ತಿತ್ತೇ, ಯಾವಾಗಲೂ — ಹಿಂಬಾಗಿಲ ಪರದೆ ಸರಿಯಿತು, ಸರದಾರಸಾಬನ ಹೆಂಡತಿ ಸರ್ವರಬೇಗಂ, ಯಾರನ್ನೂ ಏನೂ ಕೇಳದೆ ತಾಟೊಂದನ್ನು ದೇವಕಮ್ಮನ ಮುಂದೆ ಹಿಡಿದಳು, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಾಂಸ ಮುಟ್ಟದ ದೇವಕಮ್ಮನಿಗೆಂದು ಬರೀ ಕಾಯಿಪಲ್ಯವನ್ನೇ ಬೇರೆ ತಾಟಿಗೆ ಹಾಕಿ ತಂದಿದ್ದಾಳೆ, ದೇವಕಮ್ಮ ಕೈ ಚಾಚಿದಳು, ವಯಸ್ಸಾದ ಕೈ, ಸಣ್ಣಗೆ ನಡುಗಿತು, ಸರ್ವರಬೇಗಂ ತಾಟು ಬಿಡಲಿಲ್ಲ, ಭಾರವೆಲ್ಲ ಇತ್ತ ಬಂದು ಬೆರಳು ಗಟ್ಟಿಯಾಗಿ ಕೂರುವವರೆಗೂ ಅವಳ ಅಂಗೈ ತಾಟಿನ ಅಡಿಯಲ್ಲಿ ಹಾಗೇ ಇತ್ತು, ಆಮೇಲೆ, ಮೆಲ್ಲಗೆ, ಸರಿಯಿತು.