ಅಣ್ಣನ ಕಿವಿ

ಎಡಗಿವಿಗೆ ಹತ್ತಿ ಇಟ್ಟು ಮುಗಿಸಿ ಮಂಗಲ ಬಲಗಿವಿಯ ಕಡೆಗೆ ಸರಿದು ಕುಳಿತಳು. ಹತ್ತಿಯನ್ನು ಉಂಡೆ ಮಾಡಿ ಅಣ್ಣನ ಕಿವಿಯೊಳಗೆ ಒತ್ತುವಾಗ, ಹಿಂದೆ ನಿಂತಿದ್ದ ನೆರೆಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ಎಂಥಾ ಕಿವಿ ಇದ್ದುವವ್ವಾ ನಮ್ಮ ಜಿನ್ನಪ್ಪಣ್ಣಂದು! ಮುಚ್ಚಾಕ ಮನಸ ಹ್ಯಾಂಗ ಬರತೈತಿ ನಿನಗ?"

ಮಂಗಲ ಹತ್ತಿಯನ್ನು ಇನ್ನಷ್ಟು ಒಳಕ್ಕೆ ಒತ್ತಿದಳು.

ಬೆಳಗಿನಿಂದ ಇದೇ ಮಾತು. ಅಥಣಿಯ ಆ ಓಣಿಗೆ ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಣಕ್ಕೆ ಕೈ ಮುಗಿದು, ಜಿನ್ನಪ್ಪನ ಕಿವಿಯನ್ನೇ ಹೊಗಳಿದ್ದರು. ತೆಲಸಂಗದಿಂದ ಬಂದ ಮುದುಕ ಗಂಗಾರಾಮ ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯ ವೈರ್‌ಲೆಸ್ ಸೆಟ್ಟುಗಳನ್ನು ನೋಡಿಕೊಳ್ಳುತ್ತಿದ್ದವನು. ಅವನು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದುದು ಒಳಗಿನ ತನಕ ಕೇಳುತ್ತಿತ್ತು.

"ಮೀಟರ್ ಬ್ಯಾಡ, ಏನ ಬ್ಯಾಡ್ರಿ. ಬರೇ ಕಿವಿಲೆ ಸೆಟ್ ಟ್ಯೂನ್ ಮಾಡಾಂವ. ಮಿರಜದಿಂದ ಸೈತ ಮಂದಿ ಹುಡುಕ್ಕೊಂಡ ಬರ್ತಿದ್ರು."

ಅಳು ಬರಬೇಕಾದ ಜಾಗದಲ್ಲಿ ಮಂಗಲಳಿಗೆ ಹೊಟ್ಟೆಕಿಚ್ಚು ಬಂದು ಕುಳಿತಿತ್ತು. ಅರವತ್ತೆರಡರ ಹೆಂಗಸು, ಒಡಹುಟ್ಟಿದವನ ಹೆಣದ ಪಕ್ಕದಲ್ಲಿ ಹೀಗೆ ಉರಿಯುವುದೇ ಎಂದು ತನಗೇ ನಾಚಿಕೆಯಾಯಿತು. ಆದರೂ ಉರಿ ತಗ್ಗಲಿಲ್ಲ. ಆ ಕಿವಿ ಹನ್ನೆರಡು ವರ್ಷಗಳ ಹಿಂದೆಯೇ ಕೆಟ್ಟಿತ್ತು ಅನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

* * *

ತಂದೆ ಪಾರಿಸ ಮನೆಯ ಮುಂಗೋಣೆಯಲ್ಲೇ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಆಗ ಜಿನ್ನಪ್ಪನಿಗೆ ಹದಿನಾಲ್ಕು, ಮಂಗಲಳಿಗೆ ಹನ್ನೊಂದು. ಅಪ್ಪ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ರೇಡಿಯೋದ ಹೊಟ್ಟೆಯೊಳಗಿನ ಪುಟ್ಟ ತಿರುಪುಗಳನ್ನು ತಿರುಗಿಸಲು ಕಲಿಸುತ್ತಿದ್ದ. ಅದಕ್ಕೆ ಬಿದಿರಿನ ಕಡ್ಡಿಯೇ ಆಗಬೇಕು. ಕಬ್ಬಿಣ ಹತ್ತಿರ ಬಂದರೆ ಸದ್ದು ಅಳ್ಳಾಡುತ್ತದೆ.

"ಜೋರ ಬರೂದ ಕೇಳಬ್ಯಾಡ. ದೂರದ್ದು ಸ್ವಚ್ಛ ಬರತೈತೇನ, ಅದನ್ನ ಕೇಳು. ಕೂದಲೆಳಿ ಹೆಚ್ಚಾದ್ರ ದಾಟಿ ಹೋಗತೈತಿ," ಎನ್ನುತ್ತಿದ್ದ ಅಪ್ಪ.

ಚಹಾ ತಂದ ಮಂಗಲ ಹೊಸ್ತಿಲಲ್ಲೇ ನಿಂತಿದ್ದಳು. ಅಣ್ಣ ಕಡ್ಡಿ ತಿರುಗಿಸಿದ. ಸಣ್ಣಗೆ ಹಾಡುತ್ತಿದ್ದ ಯಾವುದೋ ದೂರದ ದನಿ ಒಮ್ಮೆ ನಿಚ್ಚಳವಾಗಿ, ಮತ್ತೆ ಮರಳಿನಲ್ಲಿ ಹೂತಂತಾಯಿತು.

"ಅಣ್ಣಾ, ದಾಟಿ ಹೋತು. ಹಿಂದಕ್ಕ ತಿರುಗ್ಸು," ಎಂದಳು.

ಅವನು ಹಿಂದಕ್ಕೆ ತಿರುಗಿಸಿದ. ದನಿ ಎದ್ದು ಬಂತು. ಅಪ್ಪ ಮಗನ ಬೆನ್ನು ಚಪ್ಪರಿಸಿದ. ಆಮೇಲೆ ಮಗಳ ಕಡೆ ನೋಡಿ, "ನಿನ್ನ ಕಿವಿ ಬೆಂಡೋಲಿ ಇಟ್ಕೊಳ್ಳಾಕ ಅದಾವ. ಕಪ್ ತಗೊಂಡ ಒಳಗ ಹೋಗು," ಎಂದ. ಜಿನ್ನಪ್ಪ ಕಿಸಕ್ಕನೆ ನಕ್ಕ.

ಆ ನಗು ಅವಳ ಜೊತೆಯಲ್ಲೇ ನಿಪ್ಪಾಣಿಯ ಗಂಡನ ಮನೆಗೂ ಹೋಯಿತು. ಗಂಡ ತೀರಿಕೊಂಡು, ಒಂದು ಟ್ರಂಕು ಹಿಡಿದುಕೊಂಡು ಅವಳು ತವರಿಗೆ ಮರಳಿದ ದಿನ ಜಿನ್ನಪ್ಪ ಅಪ್ಪನ ಕುರ್ಚಿಯಲ್ಲಿ ಕುಳಿತು ಗಿರಾಕಿಯೊಬ್ಬನ ಜೊತೆ ಹಾಗೆಯೇ ನಗುತ್ತಿದ್ದ.

* * *

ಗಂಡಸರು ಮಸಣದಿಂದ ಮರಳಿ, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಜಿಟಿಜಿಟಿ ಮಳೆ. ಜೀಪೊಂದು ಬಂದು ನಿಂತಿತು. ಇಳಿದವನು ಹೊಳೆದಂಡೆಯ ಊರಿನ ಕಾಡಸಿದ್ದ. ಕೃಷ್ಣೆಗೆ ಮಹಾಪೂರ ಬಂದಾಗ ಜನರನ್ನು ದೋಣಿಯಲ್ಲಿ ಸಾಗಿಸುವವನು. ಹೆಣ ಮಲಗಿಸಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪ ಕಂಡು ಬಾಗಿಲಲ್ಲೇ ತಡೆದು ನಿಂತ.

"ಗೊತ್ತಾಗ್ಲಿಲ್ರಿ... ತಪ್ಪ ತಿಳೀಬ್ಯಾಡ್ರಿ. ಇವತ್ತ ಸೆಟ್ ಕೊಡ್ತೇನಿ ಅಂದಿದ್ರು ಅಣ್ಣಾರು."

ಅದು ನಲವತ್ತು ವರ್ಷ ಹಳೆಯ ಸಿಬಿ ಸೆಟ್ಟು, ಆಡಲೂ ಕೇಳಲೂ ಬರುವ ವೈರ್‌ಲೆಸ್ಸು. ಕಬ್ಬಿನ ಗಾಡಿಗಳ ಸುದ್ದಿ ಹೇಳಲು ಯಾವುದೋ ಕಾರ್ಖಾನೆ ತರಿಸಿ, ಮೊಬೈಲ್ ಬಂದ ಮೇಲೆ ಗುಜರಿಗೆ ಹಾಕಿದ್ದು. ಕಾಡಸಿದ್ದ ಅಂಥ ಎರಡನ್ನು ಕೊಂಡು, ಒಂದನ್ನು ದೋಣಿಯಲ್ಲಿ, ಇನ್ನೊಂದನ್ನು ದಿಬ್ಬದ ಮೇಲಿನ ಶಾಲೆಯಲ್ಲಿ ಇಟ್ಟಿದ್ದ. ನೆರೆ ಬಂದು ಕರೆಂಟು ಹೋಗಿ ಮೊಬೈಲ್ ಟವರು ಸತ್ತರೆ ಊರಿಗೆಲ್ಲ ಇವೇ ದಿಕ್ಕು. ಈಗ ರಿಪೇರಿಗೆ ಕೊಟ್ಟಿದ್ದ ದೋಣಿಯ ಸೆಟ್ಟಿನಿಂದ ಮಾತು ಹೋಗುತ್ತಿತ್ತು, ಆದರೆ ಆ ಕಡೆಯವರ ಮಾತು ಅದಕ್ಕೆ ಕೇಳುತ್ತಿರಲಿಲ್ಲ.

"ಮ್ಯಾಲಿಂದ ನೀರ ಬಿಟ್ಟಾರ. ನಾಳಿ ಮುಂಜಾನಿಕ ಊರಾಗ ಹೊಕ್ಕತೈತಿ," ಎಂದ ಕಾಡಸಿದ್ದ.

ಜಿನ್ನಪ್ಪನ ಮಗ ಸುಜಯ ಎದ್ದು ನಿಂತ. ಅವನದು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ. "ಮಿರಜಕ್ಕ ಒಯ್ರಿ ಕಾಕಾ. ಇಲ್ಲಿ ಇನ್ಯಾರ ಅದಾರ ಮಾಡವ್ರು?"

ಒಳಗಿನಿಂದ ಮಂಗಲ ಹೊರಬಂದಳು. "ಅಂಗಡಿ ಕೀಲಿ ಕೊಡು."

"ಅತ್ಯಾ, ಇವತ್ತ? ಮಂದಿ ಏನ ಅಂದಾರು?"

"ನಿಮ್ಮಪ್ಪಗ ಏನೇನ ಅಂದ್ರು, ಮುಂಜಾನಿಂದ ಕೇಳೇನಿ. ನನಗೂ ನಾಕ ಮಾತ ಅನ್ಲಿ. ಕೊಡು."

* * *

ಹನ್ನೆರಡು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ ಜಿನ್ನಪ್ಪ ಅಂಗಡಿಯಿಂದ ಒಳಗೆ ಬಂದು, ಅಡುಗೆಮನೆಯಲ್ಲಿದ್ದ ತಂಗಿಯ ಎದುರು ನಿಂತಿದ್ದ. ಅವನ ಹೆಂಡತಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

"ಒಂದ ಸಣ್ಣ ಸೀಟಿ ಐತಿ ಸೆಟ್ನ್ಯಾಗ. ನಿನಗ ಕೇಳಸ್ತೈತೇನ ನೋಡು ಬಾ," ಎಂದ.

ಕೇಳುತ್ತಿತ್ತು. ಅವನಿಗೆ ಕೇಳುತ್ತಿರಲಿಲ್ಲ. ಎದುರು ಕುಳಿತು ಆಡಿದ ಮಾತು ಕೇಳುತ್ತಿತ್ತು. ಆದರೆ ಸಣ್ಣ ದನಿ, ದೂರದ ದನಿ, ಅವನ ಹೊಟ್ಟೆ ಹೊರೆಯುವ ದನಿ ಹೋಗಿಬಿಟ್ಟಿತ್ತು. ಅಂದಿನಿಂದ ಮಂಗಲ ಮೇಜಿನ ಪಕ್ಕದ ಸ್ಟೂಲಿನ ಮೇಲೆ ದೀಪದ ಬತ್ತಿ ಹೊಸೆಯುತ್ತ ಕೂರತೊಡಗಿದಳು. ಗಿರಾಕಿಗಳಿದ್ದರೂ ಸರಿ, ಅವಳ ಬೆರಳು ಮೇಜಿನ ಮೇಲೆ ಒಮ್ಮೆ ತಟ್ಟಿದರೆ ಇನ್ನೂ ಮುಂದೆ, ಎರಡು ಸಲ ತಟ್ಟಿದರೆ ಹಿಂದೆ, ಅಂಗೈ ಇಟ್ಟರೆ ಅಲ್ಲಿಗೇ ನಿಲ್ಲಿಸಬೇಕು. ಕಡ್ಡಿ ಮಾತ್ರ ಒಂದು ದಿನವೂ ಅವಳ ಕೈಗೆ ಬರಲಿಲ್ಲ. ಒಮ್ಮೆ ಕೇಳಿದ್ದಳು. "ನಿನ್ನ ಕೈ ನಡಗತೈತಿ," ಎಂದಿದ್ದ.

ಚಿಕ್ಕೋಡಿಯಲ್ಲಿ ರೇಡಿಯೋ ಹವ್ಯಾಸಿಗಳು ಅವನಿಗೆ ಶಾಲು ಹೊದಿಸಿದಾಗ ಅವಳು ಕೊನೆಯ ಸಾಲಿನಲ್ಲಿ ಅವನ ಚೀಲ ಹಿಡಿದುಕೊಂಡು ಕುಳಿತಿದ್ದಳು. ವೇದಿಕೆಯ ಮೇಲೆ ಜಿನ್ನಪ್ಪ, "ಇದು ನಮ್ಮಪ್ಪ ಕೊಟ್ಟ ಕಿವಿ," ಎಂದ. ಜನ ಚಪ್ಪಾಳೆ ತಟ್ಟಿದರು. ಮರುದಿನ ಬಂದ ಸೆಟ್ಟಿಗೆ ಅವಳು ಬೇಕೆಂದೇ ಅರ್ಧ ಸುತ್ತು ಮೊದಲೇ ಅಂಗೈ ಇಟ್ಟಳು. ಮೂರು ದಿನಕ್ಕೆ ಅದು ತಿರುಗಿ ಬಂತು. ಜಿನ್ನಪ್ಪ ಅವಳ ಮುಖವನ್ನೇ ಬಹಳ ಹೊತ್ತು ನೋಡಿ, ಸೆಟ್ಟು ಬಿಚ್ಚಿ, "ಇನ್ನೊಮ್ಮೆ ಕೇಳು," ಎಂದಷ್ಟೇ ಹೇಳಿದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

* * *

ಕೀಲಿ ತೆಗೆದು ಅಂಗಡಿಯೊಳಗೆ ಬಂದರೂ ಅವಳು ಅಣ್ಣನ ಕುರ್ಚಿಯ ಮೇಲೆ ಕೂರಲಿಲ್ಲ. ನಿಂತೇ ದೋಣಿಯ ಸೆಟ್ಟಿನ ಹೊಟ್ಟೆ ಬಿಚ್ಚಿದಳು. ತಿರುಪು ಕೂತಿದ್ದ ತಂತಿ ಸುರುಳಿಗಳ ಬಾಯಿಗೆ ಮೆತ್ತಿದ್ದ ಹಳೆಯ ಮೇಣವನ್ನು ಬೆಸುಗೆ ಕಡ್ಡಿಯ ಬಿಸಿ ತೋರಿಸಿ ಕರಗಿಸಿದಳು. ಸೆಟ್ಟಿಗೆ ಸೀಟಿಯ ಸಿಗ್ನಲ್ ಕೊಡುವ ಯಂತ್ರವನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಇಟ್ಟು, ಬಿದಿರಿನ ಕಡ್ಡಿಯನ್ನು ಕೊನೆಯ ಸುರುಳಿಗೆ ಇಳಿಸಿದಳು. ಕೈ ನಿಜವಾಗಿಯೂ ನಡುಗಿತು. ಅವುಡುಗಚ್ಚಿ ತಿರುಗಿಸಿದಳು. ಸೀಟಿ ಎದ್ದಿತು. ಅಲ್ಲಿಂದ ಒಂದೊಂದಾಗಿ ಮೊದಲ ಸುರುಳಿಯವರೆಗೆ ಬಂದಳು. ಬಾಗಿಲಲ್ಲಿ ಗಂಡಸರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದುದು ಕಣ್ಣಂಚಿನಲ್ಲಿ ಕಾಣುತ್ತಿತ್ತು.

ಪರೀಕ್ಷೆಗೆಂದು ತಂದಿದ್ದ ಶಾಲೆಯ ಸೆಟ್ಟನ್ನು ಕಾಡಸಿದ್ದ ತನ್ನ ಜೊತೆಗಾರ ಮಲ್ಲೇಶನಿಗೆ ಕೊಟ್ಟು ಜೀಪಿನಲ್ಲಿ ಓಣಿಯ ತುದಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಸೆಟ್ಟಿನಿಂದ ಮಲ್ಲೇಶನ ದನಿ, "ಒಂದು, ಎರಡು, ಮೂರು... ಕೇಳತೈತೇನ್ರಿ?" ಎಂದಿತು.

ಕಾಡಸಿದ್ದ ಒಳಗೆ ಉರಿಯುತ್ತಿದ್ದ ದೀಪದ ಕಡೆ ತಿರುಗಿ ಕೈ ಮುಗಿದ. "ಎಂಥಾ ಮನಷಾ ನೋಡ್ರಿ! ಹೋಗೂದ್ರಾಗ ಎಲ್ಲಾ ಮಾಡಿ ಇಟ್ಟ ಹೋಗ್ಯಾರ. ಅಕ್ಕಾರ, ನೀವು ಚಾಲೂ ಮಾಡಿ ತೋರ್ಸಿದ್ರಿ, ಪುಣ್ಯಾ ಬರ್ಲಿ."

"ಹೌದ ಮತ್ತ. ಜಿನ್ನಪ್ಪಣ್ಣನ ಕಿವಿ ಅದು," ಎಂದ ಗಂಗಾರಾಮ.

ಮಂಗಲ ಕಡ್ಡಿ ಎತ್ತಿಕೊಂಡು ಒಂದೊಂದು ಸುರುಳಿಯನ್ನೂ ಸರಸರನೆ ತಿರುಗಿಸಿ ಕೆಡಿಸಿದಳು. ಮಲ್ಲೇಶನ ಎಣಿಕೆ ಏಳಕ್ಕೆ ಬಂದಿದ್ದುದು ಅಲ್ಲೇ ಮುಳುಗಿಹೋಯಿತು.

"ಅಕ್ಕಾರ! ಏನ ಮಾಡಿದ್ರಿ?" ಕಾಡಸಿದ್ದನ ಮುಖ ಬಿಳಿಚಿತು.

"ಅಣ್ಣ ಮಾಡಿ ಇಟ್ಟಿದ್ನಲ್ಲ, ಕರೀರಿ ಅವನ್ನ."

ಸುಜಯ ಅತ್ತೆಯ ಮುಖ ನೋಡಿದ. ಅಂಥ ಮುಖವನ್ನು ಅವನು ಕಂಡಿರಲಿಲ್ಲ. ತಾನು ಆಡಿದ್ದು ಎಂಥ ಮಾತು ಎಂದು ಮಂಗಲಳಿಗೂ ತಿಳಿಯಿತು. ಆದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

"ಹನ್ನೆರಡ ವರ್ಷಾತು ಅವಗ ಸಣ್ಣ ದನಿ ಕೇಳಸ್ತಿರಲಿಲ್ಲ," ಎಂದಳು, ಯಾರನ್ನೂ ನೋಡದೆ. "ನಾ ಕೇಳಿ ಹೇಳ್ತಿದ್ನಿ. ಆಂವ ತಿರುಗಸ್ತಿದ್ದ."

ಆಮೇಲೆ ಕಾಡಸಿದ್ದನ ಕಡೆ ತಿರುಗಿದಳು.

"ನಿಮ್ಮ ಮಾತು ಜೀಪಿನ್ಯಾಗ ಇದ್ದಾಂವಗ ಇನ್ನೂ ಕೇಳತಾವ. ಕೊಕಟನೂರ ದಾರಿ ಹಿಡಿದು ಊರ ದಾಟಿ ಹೋಗಂತ ಹೇಳ್ರಿ. ಎಣಿಸೂದ ಬಿಡಬಾರ್ದು."

ಕಾಡಸಿದ್ದ ಮೈಕಿನಲ್ಲಿ ಹೇಳಿದ. ಮಂಗಲ ಯಂತ್ರವನ್ನು ಆರಿಸಿ ಬದಿಗಿಟ್ಟಳು. ಕುರ್ಚಿ ಎಳೆದುಕೊಂಡು ಕುಳಿತು, ಸೆಟ್ಟಿಗೆ ಕಿವಿ ಹತ್ತಿರ ಮಾಡಿ, ಬರೀ ಸುಯ್ಯೆನ್ನುವ ಸದ್ದಿನೊಳಗೆ ಕಡ್ಡಿ ಇಳಿಸಿದಳು. ಒಂದು ಸುರುಳಿ. ಇನ್ನೊಂದು. ಜೀಪು ದೂರ ಹೋಗುತ್ತಲೇ ಇತ್ತು. ಸದ್ದಿನ ತಳದಲ್ಲಿ ಏನೋ ಮಿಸುಕಿದಂತಾಯಿತು, ಮತ್ತೆ ಕಳೆಯಿತು.

ಅಷ್ಟರಲ್ಲಿ ಅನಂತಪುರದ ಬೀಗರು ಟೆಂಪೋದಲ್ಲಿ ಬಂದಿಳಿದರು. ಹೆಂಗಸರು ಎದೆ ಬಡಿದುಕೊಂಡು ಒಳಗೆ ನುಗ್ಗಿದರು. ಅವರನ್ನು ಕಂಡು ಮನೆಯ ಹೆಂಗಸರೂ ದನಿ ಎತ್ತಿದರು. "ಅಣ್ಣಾ, ಹೋದೆಲ್ಲೋ ಅಣ್ಣಾ!" ಎಂಬ ಅಳು ಮನೆ ತುಂಬಿ ಅಂಗಡಿಯ ತನಕ ಹಬ್ಬಿತು.

ಮಂಗಲ ತಲೆ ಎತ್ತದೆ ಎಡಗೈ ಮೇಲೆತ್ತಿದಳು.

"ಸುಮ್ನ ಕೂಡ್ರಿ ಎಲ್ಲಾರೂ."

ಬಾಗಿಲಲ್ಲಿ ನಿಂತಿದ್ದ ಗಂಡಸರು ಒಳಕ್ಕೆ ತಿರುಗಿ ಕೈಸನ್ನೆ ಮಾಡಿದರು. ಸುಜಯ ಓಡಿಹೋಗಿ ಬೀಗರ ಮುಂದೆ ತುಟಿಗೆ ಬೆರಳಿಟ್ಟುಕೊಂಡು ನಿಂತ. ಅಳು ಒಂದೊಂದೇ ಬಾಯಲ್ಲಿ ಅರ್ಧಕ್ಕೆ ನಿಂತಿತು. ಸೆರಗು ಬಾಯಿಗೆ ಒತ್ತಿಕೊಂಡ ಹೆಂಗಸರು, ಒದ್ದೆ ತಲೆಯ ಗಂಡಸರು, ಸಾವಿನ ಮನೆಗೆ ಮನೆಯೇ ಉಸಿರು ಬಿಗಿಹಿಡಿದು ನಿಂತಿತು. ಮಂಗಲಳ ಬೆರಳು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು. ಆ ಮೌನದೊಳಗೆ, ಎಲ್ಲೋ ಊರಾಚೆಯ ಮಳೆಯಿಂದ, ಸಣ್ಣಗೆ, ನಿಚ್ಚಳವಾಗಿ, "ಮುನ್ನೂರ ಹನ್ನೊಂದು, ಮುನ್ನೂರ ಹನ್ನೆರಡು..." ಎಂದು ಕೇಳತೊಡಗಿತು.