ಏಳು ಸಹಿಯ ಸರಳ ವಿವರಣೆ

ಕೇಂದ್ರ ಸರ್ಕಾರದ ಸುತ್ತೋಲೆಗಳನ್ನು ಜನರಿಗೆ ತಿಳಿಯುವಂತೆ ಬರೆಯುವುದರಲ್ಲಿ ನಮ್ಮ ಗುಮಾಸ್ತನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಬೇಕರಿಗಳ ಬೆಂಕಿ ಸುರಕ್ಷತೆಯ ಇನ್ನೂರು ಪುಟದ ನಿಯಮವನ್ನು ಅವನು ಒಂದೇ ಸಾಲಿಗೆ ಇಳಿಸಿದ್ದ: ‘ಒಲೆಯ ಪಕ್ಕ ಒಂದು ಬಕೆಟ್ ಮರಳು ಇಡಿ.’ ಆದರೆ ಕಚೇರಿಯ ಪದ್ಧತಿಯಂತೆ ಅದಕ್ಕೆ ಏಳು ಅಧಿಕಾರಿಗಳ ಸಹಿ ಬೇಕಿತ್ತು. ಸುಮ್ಮನೆ ಸಹಿ ಹಾಕಿದರೆ ಮರ್ಯಾದೆಗೆ ಕಮ್ಮಿಯೆಂದು ಪ್ರತಿಯೊಬ್ಬರೂ ಒಂದಿಷ್ಟು ಸೇರಿಸಿದರು. ಸರಳ ವಿವರಣೆ ಮುನ್ನೂರು ಪುಟವಾಯಿತು. ಅದನ್ನು ಹೊತ್ತ ಅಂಚೆಯವನ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ಒಂದು ಪ್ರತಿ ಗುಮಾಸ್ತನ ಅಕ್ಕನ ಬೇಕರಿಗೂ ಬಂತು. ಮರುದಿನವೇ ತಪಾಸಣೆ, ತಪ್ಪಿದರೆ ಅಂಗಡಿಗೆ ಬೀಗ. ಅಕ್ಕ ತಮ್ಮನನ್ನು ಕರೆಸಿದಳು.

“ಲೋ, ಓದಿ ಓದಿ ತಲೆ ಚಿಟ್ಟು ಹಿಡೀತು. ಏನ್ ಮಾಡ್ಬೇಕಂತೆ?”

“ಒಲೆ ಪಕ್ಕ ಒಂದು ಬಕೆಟ್ ಮರಳಿಡಕ್ಕ, ಅಷ್ಟೇ.”

“ಇಷ್ಟಕ್ಕೆ ಮುನ್ನೂರು ಪುಟಾನಾ? ನಿನ್ನ ಸರಳತೆಗೆ ಬೆಂಕಿ ಬೀಳ!”

ತಪಾಸಣೆಗೆ ಬಂದವನು ಆ ಏಳನೆಯ ಸಹಿಯ ಅಧಿಕಾರಿಯೇ. ಬಕೆಟ್ಟನ್ನು ದಿಟ್ಟಿಸಿ, “ಇದ್ಯಾಕಮ್ಮ ಇಲ್ಲಿ?” ಎಂದ.

ಪಕ್ಕದಲ್ಲೇ ನಿಂತಿದ್ದ ಗುಮಾಸ್ತ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ. ಅಕ್ಕ ಕೊನೆಯ ಪುಟ ತೆರೆದು ಹಿಡಿದಳು.

“ಈ ಸಹಿ ತಮ್ಮದೇ ಅಲ್ವಾ ಸ್ವಾಮಿ? ಓದೇ ಹಾಕಿರ್ತೀರಲ್ಲ, ನೀವೇ ಹೇಳಿ.”

ಅಧಿಕಾರಿ ಬೀದಿಯೆಲ್ಲ ನಡುಗುವಂತೆ ಕೆಮ್ಮಿ, ‘ಎಲ್ಲ ಸರಿಯಿದೆ’ ಎಂದು ಬರೆದುಕೊಟ್ಟ. ಅವನು ಬಾಳಿನಲ್ಲಿ ಬರೆದ ಅತ್ಯಂತ ಸರಳ ವಾಕ್ಯ ಅದೇ.